ಬೆನ್ನು ಕೊಟ್ಟು ಕೂತವರು

ತಿಮ್ಮರಾಜು ಆಹ್ವಾನ ಪತ್ರಿಕೆ ಹಿಡಿದುಕೊಂಡು ಬಂದಾಗ ಕೆಂಚಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಓಟಿನ ಸಮಯ ಬಿಟ್ಟರೆ ಆ ಮನುಷ್ಯ ಕೇರಿಯೊಳಕ್ಕೆ ಕಾಲಿಟ್ಟದ್ದನ್ನು ಅವಳು ಕಂಡಿರಲಿಲ್ಲ. ಚಪ್ಪಲಿ ಬಿಟ್ಟ. ಕೈ ಮುಗಿದ. ಹೇಳಿಸಿಕೊಳ್ಳದೆ ಜಗಲಿಯ ತುದಿಗೆ ಕೂತ.

"ಚೆನ್ನಾಗಿದ್ದೀರಾ ಅಮ್ಮ?" ಅಂದ.

ಹಿಂದೆ ಇವನ ಬಾಯಲ್ಲಿ ಅವಳು ಕೆಂಚಿ. ಗಂಡ ಮೇಷ್ಟ್ರಾಗಿ ಇಪ್ಪತ್ತು ವರ್ಷವಾದ ಮೇಲೂ ಕೆಂಚಿ. ಕೆಂಚಮ್ಮ ಒಂದು ಕಾಯಿ ಬಿಡಿಸಿದಳು, ಹುಳ ಇತ್ತು, ಆಚೆ ಎಸೆದಳು.

"ಮೇಷ್ಟ್ರು ಹೋಗಿ ವರ್ಷ ಆಯ್ತಾ ಬಂತು. ನಮ್ಮೂರ ಹೈಸ್ಕೂಲಿಗೆ ಹೆಸರು ತಂದ್ಕೊಟ್ಟೋರು. ನಾವು ಊರೋರು, ಹಳೇ ಸ್ಟೂಡೆಂಟ್‌ಗಳು ಎಲ್ಲ ಸೇರ್ಕೊಂಡು ಅವ್ರ ಹೆಸರಲ್ಲಿ ಒಂದು ಖೋ-ಖೋ ಪಂದ್ಯಾವಳಿ ಮಾಡಾಣ ಅಂತ. ಆವತ್ತು ಸ್ಟೇಟಲ್ಲಿ ಗೆದ್ದಿದ್ರಲ್ಲ ಹುಡ್ಗೀರು, ಅವ್ರನ್ನೆಲ್ಲ ಕರೆಸಿ ಒಂದ್ ಆಟ ಆಡಿಸ್ತೀವಿ. ಬಿ.ಇ.ಓ. ಸಾಹೇಬ್ರು ಬತ್ತಾರೆ. ನೀವು ಸ್ಟೇಜ್ ಮೇಲೆ ಇರ್ಬೇಕು."

ಸೊಸೆ ಶ್ರೀಲತಾ ಒಳಗಿನಿಂದ ಟೀ ತಂದಳು. ತಿಮ್ಮರಾಜು ಕುಡಿದ. ಲೋಟದ ತಳದವರೆಗೂ ಕುಡಿದ. ಅವನು ತಾಲ್ಲೂಕು ಪಂಚಾಯ್ತಿಗೆ ನಿಲ್ಲುವ ಮಾತು ಊರಲ್ಲಿ ಓಡಾಡುತ್ತಿತ್ತು.

"ಮೇಡಂ ಕೆಲಸ ಹೆಂಗ್ ನಡೀತೈತೆ? ಜೂನಲ್ಲಿ ಮತ್ತೆ ಅತಿಥಿ ಶಿಕ್ಷಕರ ಲಿಸ್ಟ್ ಹಾಕ್ಬೇಕು. ಸ್ಕೂಲಿನ ಎಸ್.ಡಿ.ಎಂ.ಸಿ. ಕಮಿಟಿ ಅಧ್ಯಕ್ಷ ನಾನೇ ಇದೀನಿ, ಯೋಚನೆ ಮಾಡ್ಬೇಡಿ."

"ಆಗ್ಲಿ ಸಾರ್," ಅಂದಳು ಶ್ರೀಲತಾ.

ಅವನು ಹೋದ ಮೇಲೆ ಕೆಂಚಮ್ಮ ಅವನು ಕುಡಿದಿಟ್ಟ ಲೋಟವನ್ನು ಎಡಗೈಯ ಎರಡು ಬೆರಳಲ್ಲಿ ಎತ್ತಿಕೊಂಡು ಹೋಗಿ ಬಚ್ಚಲ ಕಲ್ಲಿನ ಮೇಲೆ ಇಟ್ಟಳು. ಬೂದಿ ಹಾಕಿ ಮೂರು ಸಲ ಉಜ್ಜಿದಳು. ಈ ಕೆಲಸ ತಾನು ಒಂದು ದಿನ ಮಾಡುತ್ತೇನೆಂದು ಅವಳು ಕನಸಲ್ಲೂ ಅಂದುಕೊಂಡಿರಲಿಲ್ಲ. ಮಾಡುವಾಗ ಖುಷಿಯಾಯಿತು.

*

ಐ.ಡಿ.ಹಳ್ಳಿಯಿಂದ ಎರಡು ಮೈಲಿ ಒಳಗಿರುವ ಆ ಊರಿನ ಹೈಸ್ಕೂಲಿನಲ್ಲಿ ಸಂಜೀವಯ್ಯ ಮೇಷ್ಟ್ರು ಇಪ್ಪತ್ತೆರಡು ವರ್ಷ ಆಟ ಕಲಿಸಿದರು. ಬೆಳಿಗ್ಗೆ ಆರಕ್ಕೆ ಹುಡುಗಿಯರು ಮೈದಾನಕ್ಕೆ ಬರಬೇಕು. ಎಂಟಕ್ಕೆ ಆಟ ಮುಗಿದರೆ ಮನೆಗೆ ಹೋಗಿ ಉಂಡು ಮತ್ತೆ ಸ್ಕೂಲಿಗೆ ಬರಲು ಹೊತ್ತಿರುತ್ತಿರಲಿಲ್ಲ, ಅರ್ಧ ಮಕ್ಕಳು ಸುತ್ತಿನ ಹಳ್ಳಿಯವರು. ಹಾಗಾಗಿ ಅಷ್ಟೂ ಜನ ಮೇಷ್ಟ್ರ ಮನೆಗೆ ಬರುತ್ತಿದ್ದರು. ಕೆಂಚಮ್ಮ ಮುದ್ದೆ ಕಟ್ಟಿ ಹುರುಳಿ ಸಾರು ಬಿಡುತ್ತಿದ್ದಳು. ಉಂಡಾದ ಮೇಲೆ ಜಗಲಿಯಲ್ಲಿ ಸಾಲಾಗಿ ಕೂರಿಸಿ, ತರಚಿದ ಮಂಡಿಗೆ, ಉಳುಕಿದ ಕಾಲಿಗೆ ಹರಳೆಣ್ಣೆ ಕಾಯಿಸಿ ನೀವುತ್ತಿದ್ದಳು. ಅವಳೇ ನೀವುತ್ತಿದ್ದಳು. ಅಷ್ಟು ಹೊತ್ತಿಗೆ ಮೇಷ್ಟ್ರು ಸೈಕಲ್ ತುಳಿದುಕೊಂಡು ಸ್ಕೂಲು ಸೇರಿಕೊಂಡಿರುತ್ತಿದ್ದರು.

ಹುಡುಗಿಯರು ರಾಜ್ಯಮಟ್ಟದಲ್ಲಿ ಗೆದ್ದು ಬಂದ ಮರುವರ್ಷ ಇಲಾಖೆಗೆ ಒಂದು ಮೂಗರ್ಜಿ ಹೋಯಿತು. ಕೆಳಗೆ 'ನೊಂದ ಪೋಷಕರು' ಎಂದಷ್ಟೇ ಇತ್ತು. ಮೇಷ್ಟ್ರು ಹೆಣ್ಣುಮಕ್ಕಳನ್ನು ಮನೆಗೆ ಕರೆದುಕೊಂಡು ಹೋಗಿ ಕಾಲಿಗೆ ಎಣ್ಣೆ ಹಚ್ಚುತ್ತಾರೆ ಎಂದು ಬರೆದು ನಾಲ್ಕು ಹುಡುಗಿಯರ ಹೆಸರು ಹಾಕಿದ್ದರು. ವಿಚಾರಣೆಗೆ ಬಂದ ಅಧಿಕಾರಿ ಹೆಡ್‌ಮಾಸ್ಟರ ರೂಮಿನಲ್ಲಿ ಕೂತು, ಎಳನೀರು ಕುಡಿದು, ಒಬ್ಬನ ಹೇಳಿಕೆ ಬರೆದುಕೊಂಡು ಹೋದ. ಅದು ತಿಮ್ಮರಾಜುವಿನ ಹೇಳಿಕೆ. ಆಪಾದನೆ ರುಜುವಾತಾಗಲಿಲ್ಲ, ಆದರೆ ಮೇಷ್ಟ್ರನ್ನು ಪಾವಗಡ ತಾಲ್ಲೂಕಿನ ಆಚೆ ಗಡಿಗೆ ಎತ್ತಿ ಹಾಕಿದರು. ಎಣ್ಣೆ ಹಚ್ಚಿದವಳು ಮುನ್ನೂರು ಹೆಜ್ಜೆ ದೂರದ ಮನೆಯಲ್ಲಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಎಣ್ಣೆಯದು ನೆಪ, ಊರಿನವರಿಗೆ ನವೆ ಇದ್ದದ್ದು ಮುದ್ದೆಯಲ್ಲಿ. ತಮ್ಮ ಮನೆಯ ಹೆಣ್ಣುಮಕ್ಕಳು ದಿನಾ ಯಾರ ಮನೆಯ ಮುದ್ದೆ ಮುರಿಯುತ್ತಾರೆ ಎನ್ನುವುದು ಊರಿಗೆಲ್ಲ ಗೊತ್ತಿತ್ತು. ಅದನ್ನು ಅರ್ಜಿಯಲ್ಲಿ ಬರೆಯುವಂತಿರಲಿಲ್ಲ.

*

ಸಂಜೆ ಮಗ ಅನಿಲ್ ಕುಮಾರ್ ಮಧುಗಿರಿ ಡಿಪೋದಿಂದ ಡ್ಯೂಟಿ ಮುಗಿಸಿ ಬಂದ. ಬಸ್ ಕಂಡಕ್ಟರು. ಖಾಕಿ ಅಂಗಿ ಬಿಚ್ಚಿ ಮೊಳೆಗೆ ಸಿಗಿಸಿ ಉಣ್ಣಲು ಕೂತ. ಪಕ್ಕದಲ್ಲಿ ನಾಲ್ಕನೇ ಕ್ಲಾಸಿನ ಮಗಳು ರಕ್ಷಾ, ಆಹ್ವಾನ ಪತ್ರಿಕೆಯನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದಳು.

"ಅಜ್ಜಿ, ತಾತನ ಫೋಟೋಗಿಂತ ಇವ್ರ ಫೋಟೋನೇ ದೊಡ್ಡದಾಗಿದೆ."

"ಹೂಂ ಕಣಮ್ಮ. ಸತ್ತೋನು ಓಟ್ ಕೇಳಲ್ಲವಲ್ಲ," ಅಂದಳು ಕೆಂಚಮ್ಮ.

ಅನಿಲ್ ಮುದ್ದೆ ಮುರಿಯುತ್ತ, "ಹೋಗಿ ಶಾಲು ಹೊದಿಸ್ಕೊಂಡು ಎರಡು ಮಾತಾಡಿ ಬಾ ಅವ್ವ. ಅಪ್ಪನ ಹೆಸರು ಹೇಳ್ತಾರಲ್ಲ, ಅಷ್ಟೇ ಸಾಕು," ಅಂದ.

"ಮಾತಾಡ್ತೀನಿ. ಮೈಕ್ ಕೈಗ್ ಕೊಟ್ರೆ ಮಾತಾಡ್ತೀನಿ. ಆ ಬಿ.ಇ.ಓ. ಮುಂದೆ ಇವನ ಚಡ್ಡಿ ಬಿಚ್ತೀನಿ."

"ಬುಡವ್ವ. ಹದಿನಾಲ್ಕು ವರ್ಷ ಆಯ್ತು."

"ನಿಂಗೆ ಹದಿನಾಲ್ಕು ವರ್ಷ ಆಯ್ತು. ನಿಮ್ಮಪ್ಪ ವಾರಕ್ಕೊಂದ್ಸಲ ಬಸ್ ಇಳಿದು ಬಂದು ಇಲ್ಲೇ, ನೀನ್ ಕೂತಿದೀಯಲ್ಲ ಇಲ್ಲೇ ಕೂತು, ಮಾತೇ ಆಡ್ದಂಗೆ ಉಂಡು ಎದ್ದೋಗೋನು. ನಂಗೆ ನಿನ್ನೆ ಆದಂಗೈತೆ."

ಶ್ರೀಲತಾ ಸಾರಿನ ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿದಳು. "ಅತ್ತೆ, ನೀವು ಮೈಕ್ ಹಿಡಿದ್ರೆ ಜೂನಲ್ಲಿ ನನ್ನ ಹೆಸರು ಲಿಸ್ಟಲ್ಲಿರಲ್ಲ. ಅದನ್ನ ಹೇಳೋಕೇ ಅವ್ರು ಬಂದಿದ್ದು, ಕರೆಯೋಕಲ್ಲ. ಬಿ.ಎಡ್. ಮಾಡ್ಕೊಂಡು ಆರು ವರ್ಷ ಅಲೆದು ಸಿಕ್ಕಿರೋದು ಇದೊಂದು."

"ಆ ಅತಿಥಿ ಕೆಲಸಕ್ಕೆ ಅಷ್ಟು ಬಾಲ ಅಳ್ಳಾಡಿಸ್ಬೇಕಾ?"

"ಅಳ್ಳಾಡಿಸ್ತೀನಿ. ರಕ್ಷಾ ಫೀಸು ಅದರಲ್ಲೇ ಹೋಗೋದು."

ರಕ್ಷಾ ಓದುವುದನ್ನು ನಿಲ್ಲಿಸಿ ತಟ್ಟೆ ನೋಡತೊಡಗಿದಳು. ಅನಿಲ್, "ಉಣ್ಣಕ್ಕಾದ್ರೂ ಬುಡ್ರಪ್ಪ ನೆಮ್ದಿಯಾಗಿ," ಅಂದ.

*

ಮುಂದಿನ ವಾರ ಕೆಂಚಮ್ಮ ಮೊಣಕಾಲು ನೋವಿಗೆ ಪಾವಗಡದ ಕಡೆ ನಾಟಿ ಔಷಧಿ ಕೊಡುತ್ತಾರೆ ಎಂದು ಹೇಳಿ ಬಸ್ಸು ಹತ್ತಿದಳು. ಹೆಂಗಸರಿಗೆ ಟಿಕೆಟ್ ಇಲ್ಲವಾದ್ದರಿಂದ ಮಗನನ್ನು ಏನೂ ಕೇಳಬೇಕಾಗಿರಲಿಲ್ಲ. ಅವಳ ತಲೆಯಲ್ಲಿದ್ದದ್ದು ಇಷ್ಟೆ: ಆ ಹುಡುಗಿಯರ ಮನೆಮನೆಗೂ ಹೋಗಿ, ಬರಬೇಡಿ ಅನ್ನುವುದು. ಅವರಿಲ್ಲದಿದ್ದರೆ ತಿಮ್ಮರಾಜು ಖಾಲಿ ಮೈದಾನದಲ್ಲಿ ಮೈಕ್ ಹಿಡಿದು ನಿಂತಿರಲಿ.

ಆ ಹುಡುಗಿಯರಲ್ಲಿ ಮಂಜಮ್ಮನನ್ನು ಕೊಟ್ಟಿದ್ದದ್ದು ಪಾವಗಡದಾಚೆ ಗಡಿಯ ಒಂದು ಊರಿಗೆ. ಅತ್ತೆ ಬಾಗಿಲಲ್ಲೇ, "ರಾ ಅಮ್ಮ, ಕೂಚೋ," ಎಂದು ತೆಲುಗಿನಲ್ಲೇ ಕೂರಲು ಹೇಳಿ ಚಾಪೆ ಹಾಸಿದಳು. ಮಂಜಮ್ಮ ಹೊಲದಿಂದ ಓಡಿ ಬಂದು ಕಾಲಿಗೆ ಬಿದ್ದಳು. ಒಂದು ಕಾಲಕ್ಕೆ ಜಿಂಕೆಯಂತೆ ಕಂಬ ಸುತ್ತುತ್ತಿದ್ದವಳು ಈಗ ದಪ್ಪಗಾಗಿದ್ದಳು.

"ಬರ್ಬೇಡ ಅಂದ್ರೆ ಬರಲ್ಲಮ್ಮ. ನೀವು ಹೆಂಗಂದ್ರೆ ಅಂಗೆ," ಅಂದಳು.

ಅಲ್ಲೇ ಕಡಲೆಕಾಯಿ ಬಿಡಿಸುತ್ತ ಕೂತಿದ್ದ ಮಂಜಮ್ಮನ ನಾದಿನಿ, ಇನ್ನೂ ಇಪ್ಪತ್ತೈದು ದಾಟದ ಹುಡುಗಿ, ತಲೆಯೆತ್ತಿ ಅತ್ತಿಗೆಯನ್ನು ಕೇಳಿದಳು: "ಸಂಜೀವಯ್ಯ ಸಾರು ಖೋ-ಖೋ ಕಲಿಸ್ತಾ ಇದ್ರಾ ವದಿನಾ?"

"ಕಲಿಸ್ತಾ ಇದ್ರಾ ಅಂದ್ರೆ? ಸ್ಟೇಟ್ ಗೆಲ್ಲಿಸಿದ್ದು ಯಾರು?"

"ನಮ್ಮ ಸ್ಕೂಲಲ್ಲಿ ಅವ್ರೇ ಪಿ.ಟಿ. ಸಾರು. ಮೂರು ವರ್ಷ ಓದ್ದೆ. ನಾವು ಹುಡುಗೀರೆಲ್ಲ ಹೋಗಿ ಕೇಳಿದ್ವಿ, ಖೋ-ಖೋ ಕಲಿಸಿ ಸಾರ್ ಅಂತ. 'ನಂಗೆ ಆ ಆಟ ಬರಲ್ಲ ಕಣ್ರಮ್ಮ' ಅಂದ್ರು. ಹುಡುಗ್ರಿಗೆ ವಾಲಿಬಾಲ್ ಕೊಟ್ಟು ನಮ್ಮನ್ನ ಆ ಕಡೆ ಕಳಿಸೋರು. ನಾವೇ ಏನೋ ಆಡ್ಕೋತಾ ಇದ್ವಿ. ಅವ್ರು ಬೇವಿನ ಮರದ ಕೆಳಗೆ ನಮ್ಮ ಕಡೆ ಬೆನ್ನು ಹಾಕ್ಕೊಂಡು ಕೂತ್ಬಿಡೋರು. ಬೆಲ್ ಹೊಡೆಯೋವರ್ಗೂ ತಿರುಗಿ ನೋಡ್ತಿರ್ಲಿಲ್ಲ. ನಾವು ನಗಾಡೋವು, ಈ ಸಾರ್‌ಗೆ ಆಟಾನೇ ಬರಲ್ಲ ಅಂತ."

ಕೆಂಚಮ್ಮ ಚಾಪೆಯ ಮೇಲಿದ್ದ ಒಂದು ಕಡಲೆಕಾಯಿ ಎತ್ತಿಕೊಂಡಳು. ಒಡೆಯಲಿಲ್ಲ. ಎಂಟು ವರ್ಷ ಗಂಡ ಅಲ್ಲಿ ಕೆಲಸ ಮಾಡಿದ್ದ. ಏನು ಮಾಡಿಕೊಂಡಿದ್ದ ಎಂದು ಅವಳು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಮಂಜಮ್ಮನ ಅತ್ತೆ ಅನ್ನಕ್ಕೆ ಏಳಿಸಿದಳು. ಕೆಂಚಮ್ಮ ಎರಡು ತುತ್ತು ಉಂಡು ಕೈ ತೊಳೆದಳು.

ಅಲ್ಲಿಂದ ಶಿರಾಕ್ಕೆ ಬಂದಳು. ಸಹನಾ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಆವತ್ತಿನ ತಂಡಕ್ಕೆ ಅವಳೇ ಕ್ಯಾಪ್ಟನ್. ಯಾರೋ ಬುರ್ಖಾ ಹಾಕಿದ ಹೆಂಗಸು, "ಜಲ್ದಿ ಕೊಡಮ್ಮ, ನಾಳೆ ಶಾದಿ ಇದೆ," ಎಂದು ತಲೆ ತಿನ್ನುತ್ತಿದ್ದಳು. ಅವಳನ್ನು ಕಳಿಸಿ ಸಹನಾ ಮಷೀನಿನ ಮುಂದೆಯೇ ಸ್ಟೂಲು ಹಾಕಿದಳು. ಕೆಂಚಮ್ಮ ಪಾವಗಡದಲ್ಲಿ ಕೇಳಿದ್ದನ್ನು ಹಾಗೆಯೇ ಹೇಳಿದಳು.

ಸಹನಾ ಬಹಳ ಹೊತ್ತು ಬಾಬಿನ್‌ಗೆ ದಾರ ಸುತ್ತುತ್ತಲೇ ಇದ್ದಳು. ತುಂಬಿದ ಮೇಲೂ ಸುತ್ತಿದಳು.

"ಬೆನ್ನು ಹಾಕ್ಕೊಂಡು ಕೂತ್ಕೋತಿದ್ರಾ?"

"ಹೂಂ ಕಣವ್ವ."

"ನೀವು ಬರ್ಬೇಡಿ ಅಂತ ಹೇಳಕ್ಕೆ ಬಂದಿದೀರಿ. ನಾವು ಬರ್ದಿದ್ರೆ ಅವ್ನು, ಪಾಪ ಮನೆ ಕೆಲಸ, ಮಕ್ಕಳು ಮರಿ, ಬರಕ್ಕಾಗ್ಲಿಲ್ಲ ಅಂತ ಮೈಕಲ್ಲಿ ಹೇಳ್ತಾನೆ. ಅಷ್ಟೇ, ಮುಗೀತು. ನಾವು ಬರ್ತೀವಮ್ಮ. ಎಲ್ಲಾರೂ ಬರ್ತೀವಿ. ಬಂದು ಚೌಕದಲ್ಲಿ ಕೂರ್ತೀವಿ. ಎಲ್ಲಾರೂ ಅವನ ಕಡೆ ಬೆನ್ನು ಕೊಟ್ಟು ಕೂರ್ತೀವಿ."

ಖೋ-ಖೋದಲ್ಲಿ ಎಂಟು ಜನ ಸಾಲಾಗಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಒಬ್ಬಳ ಮುಖ ಈ ಕಡೆ, ಪಕ್ಕದವಳ ಮುಖ ಆ ಕಡೆ. ಎಂಟೂ ಜನ ಒಂದೇ ಕಡೆ ತಿರುಗಿ ಕೂತರೆ ಅದು ಆಟವೇ ಅಲ್ಲ. ಅದು ಆ ಊರಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಕೆಂಚಮ್ಮ ಕಣ್ಣಲ್ಲೇ ಆ ಸಾಲನ್ನು ನೋಡಿದಳು.

"ನನ್ ಸೊಸೆ?" ಅಂದಳು.

"ಶ್ರೀಲತಂಗೆ ನಾನು ಫೋನ್ ಮಾಡ್ತೀನಿ. ಅರ್ಜೀಲಿ ಅವಳ ಹೆಸರೇ ಮೊದಲು ಇದ್ದದ್ದು."

*

ಕೊರಟಗೆರೆಯಲ್ಲಿದ್ದ ಇಬ್ಬರು ಫೋನಿನಲ್ಲೇ ಒಪ್ಪಿದರು. ಉಳಿದವರೂ ಒಪ್ಪಿದರು. ಶ್ರೀಲತಾ ಮಾತ್ರ ಸಹನಾಳ ಫೋನು ಇಟ್ಟವಳೇ ಹಿತ್ತಲಿಗೆ ಬಂದಳು. ಕೆಂಚಮ್ಮ ಬಟ್ಟೆ ಒಗೆಯುತ್ತಿದ್ದಳು.

"ಮೊಣಕಾಲಿಗೆ ಔಷಧಿ ತಂದ್ರಾ ಅತ್ತೆ?"

ಕೆಂಚಮ್ಮ ಬಟ್ಟೆ ಕುಕ್ಕಿದಳು.

"ಊರೂರು ಅಲೆದು ಎಲ್ಲಾರ್ನೂ ಎಬ್ಬಿಸಿ ಬಂದಿದೀರಿ. ಅವ್ರೆಲ್ಲ ಸಂಜೆ ಬಸ್ ಹತ್ಕೊಂಡು ಗಂಡನ ಮನೆ ಸೇರ್ಕೋತಾರೆ. ಬೆಳಿಗ್ಗೆ ಎದ್ದು ಆ ಸ್ಕೂಲಿಗೆ ಹೋಗೋಳು ನಾನು."

"ನಿನ್ ಮಾವ ಎಂಟು ವರ್ಷ ಮರಕ್ಕೆ ಮುಖ ಕೊಟ್ಕೊಂಡು ಕೂತಿದ್ದ ಕಣೇ. ಗೊತ್ತಾ ನಿಂಗೆ?"

"ಗೊತ್ತು. ಸಹನಾ ಹೇಳಿದ್ಲು." ಶ್ರೀಲತಾಳ ದನಿ ಇಳಿಯಿತು, ಆಮೇಲೆ ಇನ್ನೂ ಏರಿತು. "ನಿಮಗೆ ಗಂಡನ ಹೆಸರು ಹಾಳಾಯ್ತು. ನಂಗೆ ನನ್ನ ಹೆಸರೇ ಹಾಳಾಯ್ತು ಅತ್ತೆ. ಹದಿನಾರು ವರ್ಷ ನಂಗಾಗ. ನಮ್ಮಪ್ಪ ಶೂ ತಗೊಂಡೋಗಿ ಒಲೆಗೆ ಹಾಕಿದ್ರು. ಮೂರು ಗಂಡು ಬಂದು, 'ಇವ್ಳೇ ಅಲ್ವಾ ಆ ಎಣ್ಣೆ ಹುಡುಗಿ' ಅಂತ ಕೇಳ್ಕೊಂಡು ಹೋದ್ರು. ಕೊನೆಗೆ ನೀವು ಅಯ್ಯೋ ಪಾಪ ಅಂತ ಮಗನಿಗೆ ತಂದ್ಕೊಂಡ್ರಿ. ನಂಗೆ ಸಿಟ್ಟಿಲ್ಲ ಅನ್ಕೊಂಡಿದೀರಾ? ಆ ಮನುಷ್ಯನಿಗೆ ದಿನಾ ನಮಸ್ಕಾರ ಸಾರ್ ಅಂತೀನಲ್ಲ, ಆಗ ನನ್ನ ಬಾಯಿ ಹೆಂಗಿರುತ್ತೆ ಅಂತ ನನಗೆ ಗೊತ್ತು."

"ಅಯ್ಯೋ ಪಾಪ ಅಂತ ತರ್ಲಿಲ್ಲ," ಅಂದಳು ಕೆಂಚಮ್ಮ. "ನೀನ್ ಚೆನ್ನಾಗ್ ಓಡ್ತಿದ್ದೆ. ಅದ್ಕೆ ತಂದೆ."

ಅಷ್ಟರಲ್ಲಿ ನಲ್ಲಿ ನೀರು ನಿಂತಿತು. ಇಬ್ಬರೂ ಖಾಲಿ ನಲ್ಲಿಯನ್ನು ನೋಡಿದರು.

"ನೋಡು, ನಾನ್ ಮೈಕ್ ಮುಟ್ಟಲ್ಲ. ಒಂದ್ ಮಾತೂ ಆಡಲ್ಲ," ಅಂದಳು ಕೆಂಚಮ್ಮ ಕೊನೆಗೆ. "ನೀನು ಆಟದ ರೂಲ್ಸ್ ಪ್ರಕಾರ ನಿನ್ ಚೌಕದಲ್ಲಿ ಹೆಂಗ್ ಕೂರ್ಬೇಕೋ ಅಂಗ್ ಕೂತ್ಕೋ. ನಿನ್ ಮುಖ ಸ್ಟೇಜ್ ಕಡೆ ಬಂದ್ರೆ ಬರ್ಲಿ. ನಾನ್ ಏನೂ ಅನ್ನಲ್ಲ. ಆದ್ರೆ ಅವ್ರನ್ನ ತಡೀಬೇಡ."

"ಏನೂ ಅನ್ನಲ್ವಾ?"

"ಅನ್ನಲ್ಲ."

"ಮುಖ ಊದಿಸ್ಕೊಂಡೂ ಇರ್ಬಾರ್ದು."

"ಅದನ್ನ ಹೇಳಕ್ಕಾಗಲ್ಲ," ಅಂದಳು ಕೆಂಚಮ್ಮ.

*

ಫೆಬ್ರವರಿಯ ಭಾನುವಾರ. ಮೈದಾನದ ಉದ್ದಕ್ಕೂ ಶಾಮಿಯಾನ, ಫ್ಲೆಕ್ಸು. ಕೆಂಚಮ್ಮನನ್ನು ಸ್ಟೇಜಿನ ಮೇಲೆ ಬಿ.ಇ.ಓ. ಪಕ್ಕದ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದರು. ತಿಮ್ಮರಾಜು ಬಿಳಿ ಅಂಗಿ, ಬಿಳಿ ಪ್ಯಾಂಟು ಹಾಕಿ ಮೇಷ್ಟ್ರನ್ನು ಹೊಗಳಿದ. ತನಗೂ ಅವರಿಗೂ ಇದ್ದ ಸ್ನೇಹ ಹೇಳುವಾಗ ಅವನ ಕಂಠ ಸರಿಯಾದ ಜಾಗದಲ್ಲಿ ಕಟ್ಟಿತು. ಜನ ಚಪ್ಪಾಳೆ ತಟ್ಟಿದರು. ಕೆಂಚಮ್ಮ ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದಳು.

ಹಳೆಯ ಹುಡುಗಿಯರು ಚೂಡಿದಾರದ ಮೇಲೆ ಬಿಳಿ ಟೀ ಶರ್ಟು ತೊಟ್ಟು ಮೈದಾನಕ್ಕಿಳಿದರು. ಒಬ್ಬಳ ಮಗು ಹಿಂದೆಯೇ ಓಡಿಬಂದು ಅತ್ತಿತು, ಅನಿಲ್ ಎತ್ತಿಕೊಂಡು ಹೋದ. ಎದುರಾಳಿಗಳಾಗಿ ಈಗಿನ ಒಂಬತ್ತನೇ ಕ್ಲಾಸಿನ ಹುಡುಗಿಯರು. ಸಹನಾ ಬೆನ್ನಟ್ಟುವವಳಾಗಿ ನಿಂತಳು. ಉಳಿದ ಎಂಟು ಜನ ಚೌಕಗಳಲ್ಲಿ ಕೂತರು. ನಾಲ್ಕನೆಯವಳು ಶ್ರೀಲತಾ.

ತಿಮ್ಮರಾಜು ವಿಸಿಲ್ ಬಾಯಿಗಿಟ್ಟುಕೊಂಡು ಸ್ಟೇಜಿನ ಅಂಚಿಗೆ ಬಂದ. ಆಗ ಮಂಜಮ್ಮ ಕೂತಲ್ಲೇ ತಿರುಗಿದಳು. ಅವಳಾದ ಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಏಳು ಬೆನ್ನುಗಳು ಸ್ಟೇಜಿನ ಕಡೆಗಾದವು. ಶ್ರೀಲತಾ ಮಾತ್ರ ತನ್ನ ಚೌಕದ ನಿಯಮದಂತೆ ಇತ್ತ ಮುಖ ಮಾಡಿ, ನೆಲ ನೋಡುತ್ತ ಕೂತಿದ್ದಳು.

ಗದ್ದಲ ನಿಂತಿತು. ತಿಮ್ಮರಾಜು ವಿಸಿಲ್ ತೆಗೆದು ನಕ್ಕ. "ಮದುವೆ ಆಗಿ ಮಕ್ಕಳಾದ್ಮೇಲೆ ಅಮ್ಮಂದಿರಿಗೆ ರೂಲ್ಸ್ ಮರ್ತೋಗೈತೆ," ಅಂದ ಮೈಕಿನಲ್ಲಿ. ಯಾರೂ ನಗಲಿಲ್ಲ. ಬಿ.ಇ.ಓ. ಬಗ್ಗಿ ಕೆಂಚಮ್ಮನನ್ನು, "ಏನಮ್ಮ ಇದು?" ಎಂದು ಕೇಳಿದರು. ಕೆಂಚಮ್ಮ ಒಂದು ಮಾತೂ ಆಡಲಿಲ್ಲ. ಆಡುವುದಿಲ್ಲ ಎಂದು ಒಪ್ಪಿಕೊಂಡಿದ್ದಳು.

ತಿಮ್ಮರಾಜು ಅಲ್ಲಿಗೆ ಬಿಟ್ಟಿದ್ದರೆ ಹೇಗೋ ಆಗುತ್ತಿತ್ತು. ಆದರೆ ಸುಮ್ಮನಿರುವುದು ಅವನಿಗೆ ಯಾವತ್ತೂ ಬಂದಿಲ್ಲ. ಮತ್ತೆ ಮೈಕು ಬಾಯಿಗೆ ಹಿಡಿದ: "ನೋಡಿ, ನಮ್ಮ ಶ್ರೀಲತಾ ಮೇಡಂ ಒಬ್ರೇ ಪಾಠ ಮರೀದೆ ಕೂತಿರೋದು. ಅವ್ರಿಗೆ ಮೇಷ್ಟ್ರು ಸ್ಪೆಷಲ್ಲಾಗಿ ಹೇಳ್ಕೊಟ್ಟಿದ್ರು."

ಶಾಮಿಯಾನದ ಹಿಂದೆ ನಿಂತಿದ್ದ ಗಂಡಸರಲ್ಲಿ ಇಬ್ಬರೋ ಮೂವರೋ ನಕ್ಕರು. ಸಣ್ಣ ನಗು. ಹದಿನಾಲ್ಕು ವರ್ಷದ ಹಿಂದಿನ ನಗು.

ಶ್ರೀಲತಾ ತಲೆ ಎತ್ತಿದಳು. ಮೊದಲು ಅವನನ್ನು ನೋಡಿದಳು, ಆಮೇಲೆ ಅತ್ತೆಯನ್ನು ನೋಡಿದಳು. ಕೆಂಚಮ್ಮನಿಗೆ ಆ ಕ್ಷಣ, ಬೇಡ ಕಣೇ ಅನ್ನಬೇಕು ಅನಿಸಿತು. ತಿರುಗು ಅನ್ನಬೇಕು ಎಂದೂ ಅನಿಸಿತು. ಶ್ರೀಲತಾ ಎರಡು ಅಂಗೈ ಮಣ್ಣಿಗೆ ಊರಿ, ಕಾಲು ಬದಲಿಸಿ, ತಿರುಗಿ ಕೂತಳು. ಎಂಟು ಬೆನ್ನು.

ತಿಮ್ಮರಾಜುವಿನ ಮುಖ ಕೆಂಪಾಯಿತು. ಮೈಕು ಬಿಟ್ಟು ಸ್ಟೇಜಿನಿಂದ ಇಳಿದ. ಮೈದಾನ ದಾಟಿ ಆ ಕಡೆಗೆ, ಅವರ ಮುಖ ಇದ್ದ ಕಡೆಗೆ ಹೋಗಿ ನಿಂತು, "ಏನ್ರಮ್ಮ ತಮಾಷೆ ಇದು?" ಅಂದ.

ಎಂಟೂ ಜನ ಈ ಕಡೆ ತಿರುಗಿದರು.

ಇದನ್ನು ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಕೆಂಚಮ್ಮನಿಗೆ ಈಗ ಸ್ಟೇಜಿನಿಂದ ಎಂಟು ಮುಖಗಳೂ ಕಂಡವು. ಮಂಜಮ್ಮ ಹಲ್ಲು ಕಚ್ಚಿ ನಗು ತಡೆದುಕೊಂಡಿದ್ದಳು. ತಿಮ್ಮರಾಜು ಕಂಬವನ್ನು ಬಳಸಿಕೊಂಡು ಈ ಕಡೆ ಬಂದ. ಅವರು ಆ ಕಡೆ ತಿರುಗಿದರು. ಅವನು ಮತ್ತೆ ಆ ಕಡೆ ಹೋದ. ಅವರು ಮತ್ತೆ ಈ ಕಡೆ. ಒಂಬತ್ತನೇ ಕ್ಲಾಸಿನ ಹುಡುಗಿಯರಲ್ಲಿ ಒಬ್ಬಳು ಕಿಸಕ್ಕೆಂದಳು. ಅವಳಿಂದ ಅದು ಪಕ್ಕದವಳಿಗೆ, ಅಲ್ಲಿಂದ ಶಾಮಿಯಾನಕ್ಕೆ ಹರಡಿತು. ಯಾವನೋ ಹಿಂದಿನಿಂದ, "ಓಡಣ್ಣ, ಸಹನಾ ಮುಟ್ತಾಳೆ, ಓಡು," ಎಂದು ಕೂಗಿದ. ಸಹನಾ ನಿಂತಲ್ಲಿಂದ ಅಲುಗಲೇ ಇಲ್ಲ. ಕೈಗಡಿಯಾರ ನೋಡುತ್ತಿದ್ದಳು.

ಐವತ್ತೈದು ದಾಟಿದ ಗಂಡಸು, ಬಿಳಿ ಪ್ಯಾಂಟಿಗೆ ಮಂಡಿವರೆಗೂ ಕೆಮ್ಮಣ್ಣು. ನಿಲ್ಲಲೂ ಆಗದು, ಬಿಟ್ಟು ಹೋಗಲೂ ಆಗದು. ಆರು ಸುತ್ತು ಬಂದ. ಕೆಂಚಮ್ಮ ಒಂದೊಂದೂ ಎಣಿಸಿದಳು. ಆರನೆಯದರಲ್ಲಿ ಅವನ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಅವನು ಗೇಟಿನ ಕಡೆಗೆ ನಡೆದಾಗ ಇಡೀ ಮೈದಾನ ನಗುತ್ತಿತ್ತು, ಹುಡುಗರು ಮೊಬೈಲಿನಲ್ಲಿ ವೀಡಿಯೋ ಹಿಡಿಯುತ್ತಿದ್ದರು. ಬಿ.ಇ.ಓ. ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡರು.

ಕೆಂಚಮ್ಮ ಶಾಲು ಮಡಚಿ ಕುರ್ಚಿಯ ಮೇಲಿಟ್ಟು ಸ್ಟೇಜಿನಿಂದ ಇಳಿದಳು. ಆವತ್ತು ರಾತ್ರಿ ಎರಡು ಮುದ್ದೆ ಉಂಡಳು.

*

ಜೂನಿನ ಲಿಸ್ಟಿನಲ್ಲಿ ಶ್ರೀಲತಾಳ ಹೆಸರಿರಲಿಲ್ಲ. ಹೆಡ್‌ಮಾಸ್ಟರು, "ನನ್ ಕೈಲೇನಿಲ್ಲಮ್ಮ," ಅಂದರು. ಅವಳು ಗಾರ್ಮೆಂಟ್ಸ್‌ಗೆ ಸೇರಿದಳು. ಫ್ಯಾಕ್ಟರಿ ಬಸ್ಸು ಬೆಳಿಗ್ಗೆ ಆರೂಕಾಲಿಗೇ ಕ್ರಾಸಿಗೆ ಬರುತ್ತದೆ, ಸಂಜೆ ಏಳಕ್ಕೆ ಇಳಿಸುತ್ತದೆ. ಹಾಗಾಗಿ ಅಡುಗೆ, ರಕ್ಷಾಳ ಜಡೆ, ಎಮ್ಮೆ ಎಲ್ಲ ಕೆಂಚಮ್ಮನ ಪಾಲಿಗೆ ಬಂದವು. ಅನಿಲ್ ಹದಿನೈದು ದಿನ ತಾಯಿಯ ಜೊತೆ ನೆಟ್ಟಗೆ ಮಾತಾಡಲಿಲ್ಲ. ಒಂದು ದಿನ ಟಿಫನ್ ಬಾಕ್ಸ್ ಮುಚ್ಚುತ್ತ, "ಬಿ.ಎಡ್. ಮಾಡ್ಸಿ ಕಾಲರ್ ಹೊಲಿಯಕ್ಕೆ ಕಳಿಸಿದ್ವಿ. ಆಯ್ತಲ್ಲ ನಿಂಗೆ?" ಅಂದ. ಕೆಂಚಮ್ಮ, "ಉಪ್ಪಿನಕಾಯಿ ಹಾಕ್ಲಾ?" ಅಂದಳು.

ತಿಮ್ಮರಾಜುವಿನದು ಬೇರೆ ಪಾಡು. ಅವನು ಬಸ್‌ಸ್ಟಾಪಿಗೆ ಬಂದರೆ ಕಟ್ಟೆಯ ಮೇಲಿನ ಸ್ಕೂಲು ಮಕ್ಕಳು ಮಾತಿಲ್ಲದೆ ತಿರುಗಿ ಕೂರುತ್ತಿದ್ದವು. ಡೈರಿಗೆ ಬಂದರೆ ಹಾಲಿನ ಸಾಲು ತಿರುಗುತ್ತಿತ್ತು. ಬೈದರೆ, "ನಾವೇನ್ ಮಾಡಿದ್ವಿ ಮಾವ?" ಎನ್ನುತ್ತಿದ್ದವು. ಮೇಷ್ಟ್ರನ್ನು ನೋಡಿಯೇ ಇರದ ಮಕ್ಕಳು. ಟಿಕೆಟ್ಟು ಕೊಡುವ ಪಕ್ಷದವರು ಸಹ ಒಂದು ದಿನ ಕರೆಸಿ, "ಅದೇನ್ರೀ ನಿಮ್ದು ವೀಡಿಯೋ?" ಎಂದು ಕೇಳಿದರಂತೆ.

ಜುಲೈ ಕೊನೆಗೆ ಡೈರಿಯ ಕಾಡಸಿದ್ದಪ್ಪ ತಿಮ್ಮರಾಜುವಿನ ಕಡೆಯಿಂದ ಮಾತು ತಂದ. ಶ್ರೀಲತಾ ಇನ್ನೂ ಬಂದಿರಲಿಲ್ಲ.

"ನೋಡು ಕೆಂಚಮ್ಮ, ಒಬ್ಬ ಅತಿಥಿ ಶಿಕ್ಷಕ ಬಿಟ್ಟೋಗಿದಾನೆ, ಜಾಗ ಖಾಲಿ ಐತೆ. ನೀನು ಅವ್ನ ಮನೆ ತಾವ ಬಂದು ನಾಲ್ಕು ಜನದ ಮುಂದೆ, ಆ ಹುಡ್ಗೀರು ತಮಾಷೆಗೆ ಅಂಗ್ ಮಾಡಿದ್ರು, ಮನಸಲ್ಲಿ ಏನೂ ಇಟ್ಕೋಬೇಡಿ ಅಂತ ಒಂದ್ ಮಾತು ಹೇಳಿದ್ರೆ ಸೋಮವಾರದಿಂದ್ಲೇ ಸೊಸೆ ಸ್ಕೂಲಿಗೆ ಹೋಗ್ಬೋದು. ಒಂದೇ ಮಾತು."

ಕೆಂಚಮ್ಮ ಎರಡು ದಿನ ಯೋಚಿಸಿದಳು. ಆ ವಾರದಲ್ಲೇ ಒಂದು ಸಂಜೆ ಶ್ರೀಲತಾ ಬಸ್ಸಿಳಿದು ಬಂದು, ಚಪ್ಪಲಿ ಸಹ ಬಿಡದೆ ಜಗಲಿಯಲ್ಲೇ ನಿದ್ದೆ ಹೋಗಿದ್ದನ್ನು ನೋಡಿದ್ದಳು. ಬೆರಳ ತುದಿಗೆಲ್ಲ ಸೂಜಿ ಚುಚ್ಚಿದ ಗುರುತು. ಭಾನುವಾರ ಬೆಳಿಗ್ಗೆ ತಲೆ ಬಾಚಿ, ಸ್ಟೇಜಿಗೆ ಉಟ್ಟಿದ್ದ ಸೀರೆಯನ್ನೇ ಉಟ್ಟಳು. ಸೊಸೆ ಒಳಗೆ ಸೊಪ್ಪು ಬಿಡಿಸುತ್ತಿದ್ದಳು.

"ಎಲ್ಲಿಗೆ ಅತ್ತೆ?"

"ಮೊಣಕಾಲು. ಔಷಧಿ ತರಕ್ಕೆ."

"ಕಾಡಸಿದ್ದಪ್ಪ ನಂಗೂ ಹೇಳಿದಾರೆ," ಅಂದಳು ಶ್ರೀಲತಾ, ಸೊಪ್ಪಿನಿಂದ ತಲೆ ಎತ್ತದೆ.

ಕೆಂಚಮ್ಮ ಬಾಗಿಲಲ್ಲೇ ನಿಂತಳು. "ಒಂದ್ ಮಾತು ಹೇಳಿ ಬಂದ್ಬುಡ್ತೀನಿ ಕಣೇ. ನನ್ ಗಂಟೇನ್ ಹೋಗಲ್ಲ. ನಾನ್ ಕಟ್ಕೊಂಡ ಹಗೆಗೆ ನೀನ್ಯಾಕೆ ಹೊಲೀಬೇಕು?"

"ಹಗೆ ನಿಮ್ದೊಂದೇನಾ? ತಿರುಗಿದ್ದು ನಾನು. ನೀವು ಶಾಲು ಹೊದ್ಕೊಂಡು ಕೂತಿದ್ರಿ."

"ಆ ಬೆರಳು ನೋಡ್ಕೋ ಒಂದ್ಸಲ."

ಶ್ರೀಲತಾ ಬೆರಳು ನೋಡಿಕೊಳ್ಳಲಿಲ್ಲ. ಸೊಪ್ಪಿನ ದಂಟು ಮುರಿದು ಪಕ್ಕಕ್ಕೆ ಹಾಕಿದಳು. "ನೀವು ಹೋಗಿ ತಮಾಷೆ ಅಂತ ಹೇಳಿದ್ರೆ ಅವ್ನು ನಿಂತ್ಬಿಡ್ತಾನೆ ಅತ್ತೆ. ಅವ್ನು ನಿಲ್ಬಾರ್ದು. ಇನ್ನೂ ಸುತ್ಲಿ."

ಅವಳು ಅದನ್ನು ಮಳೆ ಬರುತ್ತದೆ ಅನ್ನುವ ಹಾಗೆ ಹೇಳಿದಳು. ಹದಿನಾಲ್ಕು ವರ್ಷ ತನ್ನ ಎದೆಯಲ್ಲಿ ಇದ್ದದ್ದು ಈಗ ಇನ್ನೊಬ್ಬಳ ಬಾಯಲ್ಲಿ, ತನಗಿಂತ ತಣ್ಣಗೆ, ತನಗಿಂತ ಗಟ್ಟಿಯಾಗಿ ಕೇಳಿಸಿದಾಗ ಕೆಂಚಮ್ಮನಿಗೆ ಸ್ವಲ್ಪ ಭಯವೂ ಆಯಿತು. ಒಳಗೆ ಬಂದು ಸೆರಗು ಸಿಗಿಸಿಕೊಂಡು ಸೊಸೆಯ ಎದುರು ಕೂತಳು. ಸೊಪ್ಪಿನ ಕಟ್ಟು ತನ್ನ ಕಡೆಗೆ ಎಳೆದುಕೊಂಡಳು.

"ಒಳ್ಳೇ ಸೀರೆ ಕೊಳೆ ಆಗುತ್ತೆ, ಬದಲಾಯಿಸಿ," ಅಂದಳು ಶ್ರೀಲತಾ.

"ಆಗ್ಲಿ ಬುಡು," ಅಂದಳು ಕೆಂಚಮ್ಮ.